ಕಾವಿಗೆ ಕೂತ ಹೇಂಟೆ

ಸತ್ತ ಗಂಡ ಮುಸ್ಸಂಜೆಗೆ ಬಂದು ಕೋಳಿ ಕರೆಯುತ್ತಾನೆಂದು ದೇವಮ್ಮ ಯಾರಿಗೂ ಹೇಳಿರಲಿಲ್ಲ. ಹೇಳಿದರೆ ನಗುವವರು ಕೆಲವರು, ಮಂತ್ರವಾದಿಯ ಫೋನ್ ನಂಬರ್ ಕೊಡುವವರು ಇನ್ನು ಕೆಲವರು. ಎರಡೂ ಆಕೆಗೆ ಬೇಡವಾಗಿತ್ತು. ಅಚ್ಚುತ ಬದುಕಿದ್ದಾಗ ಕತ್ತಲಾಗುವ ಹೊತ್ತಿಗೆ ತೆಂಗಿನ ಗೆರಟೆಯಲ್ಲಿ ತೌಡು ಹಿಡಿದು, ಅದರ ಬೆನ್ನಿಗೆ ಕೋಲಿನಿಂದ ಟಕಟಕ ಬಡಿಯುತ್ತಿದ್ದ. ಮೇಯಲು ಹೋದ ಕೋಳಿಗಳು ಬಿದ್ದು ಎದ್ದು ಓಡಿ ಬಂದು ಗೂಡು ಸೇರುತ್ತಿದ್ದವು. ಈಗಲೂ ಅದೇ ಹೊತ್ತಿಗೆ ಕೊಟ್ಟಿಗೆಯ ಹಿಂದೆ ಅದೇ ಸದ್ದು. ಹೋಗಿ ನೋಡಿದರೆ ಯಾರೂ ಇರುವುದಿಲ್ಲ.

ಜಾಲ್ಸೂರಿನಿಂದ ಒಳಗೆ, ಆ ಕಡೆಯ ಗೌಡರ ಮನೆಗಳಲ್ಲೆಲ್ಲ ಮಳೆಗಾಲದ ಆಟಿ ತಿಂಗಳಲ್ಲಿ ಗತಿಸಿದವರಿಗೆ ಬಡಿಸುವ ಕ್ರಮವಿದೆ. ಒಳಕೋಣೆಯಲ್ಲಿ ಎಲೆ ಹಾಕಿ, ಓಡುದೋಸೆ, ಕೋಳಿಸಾರು, ಒಂದು ಲೋಟ ಕಳ್ಳು ಇಟ್ಟು, ಹೆಸರು ಹಿಡಿದು ಕರೆದು, ಬಾಗಿಲು ಮುಚ್ಚಿ ಹೊರಗೆ ನಿಲ್ಲುತ್ತಾರೆ. ಕೋಳಿ ಅಂಗಳದಲ್ಲಿ ಕೆದಕಿ ತಿಂದು ಬೆಳೆದ ಊರ ಕೋಳಿಯೇ ಆಗಬೇಕು. ಆಟಿ ಬಂತೆಂದರೆ ಸುತ್ತಿನ ಮನೆಯವರೆಲ್ಲ ಅಚ್ಚುತನ ಅಂಗಳಕ್ಕೆ ಬರುತ್ತಿದ್ದರು. ಅವನಿಗೋ ಅದೇ ದೊಡ್ಡ ಜಂಬ. ತನ್ನ ಕೋಳಿ ಕೂಗಿದರೇ ಬೆಳಗಾಗುವುದು ಎನ್ನುವ ಪೈಕಿ. ಮಲಗಿದಲ್ಲೇ ಆದ ಮೇಲೂ ಹೆಂಡತಿಯಲ್ಲಿ ಕೇಳಿದ್ದು ಒಂದೇ: "ಕೋಳಿಯ ಸಂತಾನ ಮಾತ್ರ ತೆಗೀಬೇಡ ಮಾರಾಯ್ತಿ."

ಅವನು ಹೋದ ಮೇಲೆ ಬಂತು ಯೋಜನೆ. ಹವಾಮಾನ ಬದಲಾವಣೆಗೆ ತಕ್ಕ ಹಿತ್ತಿಲ ಕೋಳಿ ಸಾಕಣೆ ಎಂದು ಅದರ ಹೆಸರು. ಘಟ್ಟದ ಆಚೆಯಿಂದ ಲಾರಿಯಲ್ಲಿ ಕೋಳಿ ತರಿಸಿದರೆ ಡೀಸೆಲ್ ಹೊಗೆ, ಊರಿನ ಊಟ ಊರಲ್ಲೇ ಬೆಳೆಯಲಿ ಎಂದು ಮೀಟಿಂಗಿನಲ್ಲಿ ಒಬ್ಬಳು ಹುಡುಗಿ ಚೆನ್ನಾಗಿ ವಿವರಿಸಿದಳು. ದೇವಮ್ಮನಿಗೆ ಅರ್ಥವಾಯಿತು, ಇಷ್ಟವೂ ಆಯಿತು. ತಗಡಿನ ಶೆಡ್ಡು ಎದ್ದಿತು, ಹೊಸ ತಳಿಯ ಮರಿಗಳು ಬಂದವು. ಷರತ್ತು ಒಂದೇ, ಹಳೆಯ ಕೋಳಿಗಳು ಅಂಗಳದಲ್ಲಿ ಇರಬಾರದು, ಇದ್ದರೆ ರೋಗ ಹರಡುತ್ತದೆ. ಊರ ಕೋಳಿ ಊರಲ್ಲೇ ಇರಲಿ ಎನ್ನುವ ಯೋಜನೆಗಾಗಿ ಮೊದಲು ಊರು ಬಿಟ್ಟದ್ದು ಊರ ಕೋಳಿಯೇ. ಎಲ್ಲವನ್ನೂ ದೇವಮ್ಮ ಜಾಲ್ಸೂರಿನ ಕೋಳಿ ಅಂಗಡಿಯ ಕಲಂದರ್‌ಗೆ ಕೊಟ್ಟುಬಿಟ್ಟಳು. ಕೈಗೆ ಸಿಗದೆ ಹಲಸಿನ ಮರ ಹತ್ತಿ ಕೂತ ಕರಿ ಹೇಂಟೆಯೊಂದು ಉಳಿಯಿತು.

ಬೇಸಿಗೆಯಲ್ಲಿ ಬಿಸು ಹಬ್ಬ ಕಳೆದ ಮೇಲೆ ಆ ವರ್ಷ ಬಿದ್ದ ಸೆಕೆ ಹಿಂದೆ ಯಾರೂ ಕಂಡದ್ದಲ್ಲ. ತಗಡಿನ ಕೆಳಗೆ ಹೊಸ ಕೋಳಿಗಳು ಕೊಕ್ಕು ತೆರೆದುಕೊಂಡೇ ಸತ್ತವು. ಮೀಟಿಂಗಿನ ಹುಡುಗಿ ಬಂದು ನೋಡಿ ನಿಜವಾಗಿ ಅತ್ತಳು. ಅವಳನ್ನು ಬೈದು ಎಂತ ಮಾಡುವುದು? ತಗಡು ಕಾಯುತ್ತದೆಂದು ದೇವಮ್ಮನಿಗೆ ಗೊತ್ತಿರಲಿಲ್ಲವೇ? ಸತ್ತವನ್ನು ಹೊಂಡ ತೆಗೆದು ಮುಚ್ಚಿದ ದಿನವೇ ಸಂಜೆ ಮೊದಲ ಬಾರಿಗೆ ಆ ಟಕಟಕ ಕೇಳಿಸಿತು. ಅವಳಿಗೆ ಹೆದರಿಕೆಗಿಂತ ನಾಚಿಕೆಯಾಯಿತು.

ಉಳಿದ ಆ ಒಂದು ಹೇಂಟೆಯಿಂದಲಾದರೂ ಸಂತಾನ ಉಳಿಯಲೆಂದು, ಗಂಡನ ತಮ್ಮ ಬೆಳ್ಯಪ್ಪ ಕೋಳಿ ಅಂಕಕ್ಕೆಂದು ಒಯ್ದು ಸಾಕಿದ್ದ ಇದೇ ಮನೆಯ ಹುಂಜವನ್ನು ಕೇಳಿ ತಂದು ಬಿಟ್ಟಳು. ಹುಂಜವನ್ನು ಆಮೇಲೆ ನರಿ ಒಯ್ದಿತು. ಹೇಂಟೆ ಮಾತ್ರ ಆಟಿ ಬರುವ ಹೊತ್ತಿಗೆ ಹಳೆಯ ಬುಟ್ಟಿಯಲ್ಲಿ ಮೊಟ್ಟೆಗಳ ಮೇಲೆ ಕಾವಿಗೆ ಕೂತಿತು. ಅದೇ ಆಟಿಯಲ್ಲಿ ಅಚ್ಚುತನಿಗೆ ಮೊದಲ ಸಲ ಬಡಿಸಬೇಕಿತ್ತು.

ದೇವಮ್ಮ ಕಲಂದರನ ಅಂಗಡಿಗೆ ಹೋದಳು. "ನಮ್ಮ ಮನೆಯ ಕೋಳಿ ಒಂದಾದರೂ ಉಂಟಾ?"

"ಅದೆಲ್ಲ ಆಗಲೇ ಖಾಲಿ ದೇವಮ್ಮಕ್ಕ. ಈಗ ಬರುದು ಲಾರಿಯದ್ದು. ನಾಟಿ ಅಂತ ಹೇಳಿಯೇ ಮಾರುದು. ಆದ್ರೆ ಅಚ್ಚುತಣ್ಣನ ಎಲೆಗೆ ಅಂತ ಕೇಳಿದ್ರೆ ನಾನು ಸುಳ್ಳು ಹೇಳುದಿಲ್ಲ."

ಬಡಿಸುವ ದಿನ ಬೆಳ್ಯಪ್ಪ ಬಂದ. ಕೈಯಲ್ಲಿ ಒಂದು ಪ್ಲಾಸ್ಟಿಕ್ ತೊಟ್ಟೆ ಬಾಯ್ಲರ್ ಕೋಳಿ.

"ಇದು ನಮಗೆ ಆಯ್ತು. ಅಣ್ಣನ ಎಲೆಗೆ ಆ ಕರಿ ಹೇಂಟೆ ಉಂಟಲ್ಲ ಅತ್ತಿಗೆ?"

"ಅದು ಕಾವಿಗೆ ಕೂತಿದೆ."

"ಕೂತರೆ ಎಂತ? ಅಣ್ಣ ಹಸಿದು ಹೋದ್ರೆ ಅದರ ಮುನಿಸು ಉಣ್ಣುದು ಆ ಎಲೆ ಹಂಚಿ ತಿಂದ ಮನೆಯವರೇ. ಬರೀ ಎಲೆಗೆ ನಾನು ಕರೆಯುದಿಲ್ಲ."

ಮುಸ್ಸಂಜೆಗೆ ದೇವಮ್ಮ ಕತ್ತಿ ಹಿಡಿದು ಕೊಟ್ಟಿಗೆಗೆ ಹೋದಳು. ಕೊಲ್ಲಬೇಕೆಂದೇ ಹೋದದ್ದು. ಹೇಂಟೆ ರೆಕ್ಕೆ ಉಬ್ಬಿಸಿ ಗುರುಗುಟ್ಟಿತು, ಕುಟುಕಿತು, ಜಾಗ ಮಾತ್ರ ಬಿಡಲಿಲ್ಲ. ಅದರ ಹೊಟ್ಟೆಯ ಅಡಿಗೆ ಕೈ ಹಾಕಿದಾಗ ಒಂದು ಮೊಟ್ಟೆಯ ಒಳಗೆ ಸಣ್ಣಗೆ ಮರಿಯ ದನಿ ಕೇಳಿಸಿತು. ಅದೇ ಹೊತ್ತಿಗೆ ಬೆನ್ನ ಹಿಂದೆ, ಇದುವರೆಗೆ ಎಂದೂ ಇಲ್ಲದಷ್ಟು ಹತ್ತಿರದಲ್ಲಿ, ಗೆರಟೆ ಬಡಿಯಿತು.

ಅವಳು ತಿರುಗಲಿಲ್ಲ. ಇವನು ಕೊಡು ಎನ್ನುತ್ತಿದ್ದಾನೋ, ಬಿಡು ಎನ್ನುತ್ತಿದ್ದಾನೋ? "ಒಂದು ಮಾತಾದ್ರೂ ಹೇಳಿ ಮಾರಾಯ್ರೆ!" ಎಂದು ಬೇಡಿಕೊಂಡಳು. ಸದ್ದು ನಿಂತಿತು. ಬದುಕಿದ್ದಾಗಲೂ ಆ ಮನುಷ್ಯ ಬೇಕಾದ ಹೊತ್ತಿಗೆ ಬಾಯಿ ಬಿಟ್ಟವನಲ್ಲ. ಅವಳು ಕೋಳಿಯಿಲ್ಲದೆ, ಬರೀ ಕತ್ತಿ ಹಿಡಿದುಕೊಂಡು ಅಡುಗೆಮನೆಗೆ ಬಂದಳು.

ಅಚ್ಚುತನ ಎಲೆಯಲ್ಲಿ ದೋಸೆ, ಹಲಸಿನ ಬೀಜದ ಗಸಿ, ಕಳ್ಳು. ಕೋಳಿ ಇಲ್ಲ. ಬಾಯ್ಲರನ್ನು ಅವಳು ಆ ಎಲೆಯ ಹತ್ತಿರವೂ ತರಲಿಲ್ಲ. ಬೆಳ್ಯಪ್ಪ ಮುಖ ತಿರುಗಿಸಿ ಜಗಲಿಗೆ ಹೋದ. ಕರೆಯಬೇಕಾದವನು ಕರೆಯದಿದ್ದಾಗ ದೇವಮ್ಮನೇ ಕೈಮುಗಿದಳು.

"ಬನ್ನಿ, ಊಟ ಮಾಡಿ. ಕೋಳಿಗಳನ್ನು ಕೊಟ್ಟದ್ದು ನಾನು, ಬೇರೆ ಯಾರೂ ಅಲ್ಲ. ಉಳಿದ ಒಂದನ್ನು ಕೊಲ್ಲಲಿಕ್ಕೆ ನನ್ನಿಂದ ಆಗಲಿಲ್ಲ."

ಬಾಗಿಲು ಮುಚ್ಚಿ ಹೊರಗೆ ನಿಂತಳು. ಒಳಗೆ ಏನೂ ಕೇಳಿಸಲಿಲ್ಲ. ತೆರೆದಾಗ ದೋಸೆ ಇಟ್ಟ ಹಾಗೇ ಇತ್ತು, ಎಲ್ಲರ ಮನೆಯಲ್ಲೂ ಇರುವ ಹಾಗೆ. ಬಂದನೋ ಇಲ್ಲವೋ ಹೇಳುವವರು ಯಾರು?

ಬಡಿಸಿದ ಎಲೆಯನ್ನು ಮನೆಮಂದಿಗೆಲ್ಲ ಹಂಚಿ ತಿನ್ನಬೇಕು. ಮಗಳು ಭವಿತಾ ಅಭ್ಯಾಸದಂತೆ ಬಟ್ಟಲು ಹಿಡಿದು ಬಂದಳು. ದೇವಮ್ಮ ಅವಳನ್ನು ತಡೆದಳು.

"ಬೇಡ ಮಗಾ, ನೀವೆಲ್ಲ ಅಲ್ಲಿ ಕೂತು ಊಟ ಮಾಡಿ. ಈ ಎಲೆ ನನಗೆ."

ಜಗಲಿಯಿಂದ ಎದ್ದು ಬಂದ ಬೆಳ್ಯಪ್ಪನಿಗೆ ವಿಷಯ ಗೊತ್ತಾಯಿತು. "ಅತ್ತಿಗೆ, ಅಣ್ಣನ ಮುನಿಸೆಲ್ಲ ನೀವೊಬ್ಬರೇ ಉಣ್ಣುದು ಬೇಡ. ನನಗೂ ಒಂದು ತುಂಡು ಕೊಡಿ" ಎಂದ. ಕೈಯನ್ನೂ ಒಡ್ಡಿದ.

ಅವಳು ಕೊಡಲಿಲ್ಲ. ಗಂಡನ ಎಲೆಯ ಮುಂದೆ ಒಬ್ಬಳೇ ಕೂತು, ಆರಿದ ದೋಸೆಯನ್ನು ಮುರಿದು ಮುರಿದು, ಒಂದು ಚೂರೂ ಯಾರ ಪಾಲಿಗೂ ಉಳಿಸದೆ ತಿಂದಳು.