ಇಸ್ಕಂದರನ ಹನ್ನೊಂದು ಟಿಕೆಟ್ಟು

ಅರಬ್ ನಾಡಿನ ಮಾದಬಾ ಊರಿನ ಇಸ್ಕಂದರ್ ಅಮೆರಿಕದ ಡಿಯರ್‌ಬಾರ್ನಿನಲ್ಲಿ ಇಪ್ಪತ್ತೆರಡು ವರ್ಷ ಜನರ ಪ್ಯಾಂಟುಗಳ ಕಾಲು ಮೋಟು ಮಾಡಿಕೊಂಡು ಬದುಕಿದ ದರ್ಜಿ. ಮದುವೆಯಾಗಿರಲಿಲ್ಲ. ಯಾರ ತಂಟೆಗೂ ಹೋದವನಲ್ಲ. ಹೆತ್ತವಳು ತೀರಿಕೊಂಡ ಮೇಲೆ ಅವನನ್ನು ಸಾಕಿದ ಚಿಕ್ಕಮ್ಮ ವರ್ದೆ ಇನ್ನೊಂದು ವಾರ ಬದುಕಿದರೆ ಹೆಚ್ಚು ಎಂದು ಊರಿನ ಡಾಕ್ಟರ್ ಮಿತ್ರಿ ಫೋನ್ ಮಾಡಿದಾಗ, ಹೊಲಿಗೆ ಯಂತ್ರಕ್ಕೆ ಬಟ್ಟೆ ಹೊದಿಸಿ, ಅಂಗಡಿಯ ಬಾಗಿಲಿಗೆ ಎರಡು ವಾರ ರಜೆಯೆಂದು ಚೀಟಿ ಅಂಟಿಸಿ, ಸಾವಿಗೆಂದೇ ಕರಿ ಸೂಟು ಮಡಚಿಟ್ಟುಕೊಂಡು ವಿಮಾನ ಹತ್ತಿದ.

ಚಿಕ್ಕಮ್ಮ ಸಾಯಲಿಲ್ಲ. ಅವನ ಮುಖ ಕಂಡದ್ದೇ ಎದ್ದು ಕುಳಿತು ಮಸೂರಬೇಳೆಯ ಗಂಜಿ ಕೇಳಿದಳು. ಅವನಿಗೆ ಹೋದ ಜೀವ ಬಂದಂತಾಗಿ, ಹದಿಮೂರನೆಯ ದಿನ ಪೆಟ್ಟಿಗೆ ಇಳಿಸಿ ಬಟ್ಟೆ ಜೋಡಿಸತೊಡಗಿದ. ಅವಳು ಮತ್ತೆ ಮಲಗಿದಳು.

ಹೀಗೆ ಶುರುವಾದದ್ದು ನಾಲ್ಕು ವರ್ಷ ನಡೆಯಿತು. ಅವನು ಹನ್ನೊಂದು ಸಲ ಟಿಕೆಟ್ಟು ತೆಗೆಸಿದ. ಹನ್ನೊಂದು ಸಲವೂ ಪಾದ್ರಿ ಬಂದು ಹಣೆಗೆ ಎಣ್ಣೆ ಹಚ್ಚಿ ಕೊನೆಯ ಪ್ರಾರ್ಥನೆ ಮುಗಿಸಿದರು. ಹನ್ನೊಂದು ಸಲವೂ ವಿಮಾನ ಅವನಿಲ್ಲದೆ ಹಾರಿಹೋದ ಮರುದಿನ ವರ್ದೆ ಎದ್ದು ಅಂಗಳ ಗುಡಿಸಿದಳು. ಮಿತ್ರಿ ಪ್ರತಿ ಸಲ ‘ಇನ್ನೊಂದು ವಾರ’ ಎಂದು ಚೀಟಿ ಬರೆದು ಕೊಡುತ್ತಿದ್ದ. ಮೂರನೆಯ ವರ್ಷ ಅವನೇ ಹೋಗಿಬಿಟ್ಟ. ವರ್ದೆ ಅವನ ಮಣ್ಣಿಗೆ ಹೋಗಿ ಬಂದು, “ಪಾಪ, ಮೈ ಕಡೆ ಗಮನ ಕೊಡ್ಲೇ ಇಲ್ಲ,” ಎಂದು ಮರುಗಿದಳು.

ಅಷ್ಟರಲ್ಲಿ ಇಸ್ಕಂದರನ ಗ್ರೀನ್ ಕಾರ್ಡು ಕೈಕೊಟ್ಟಿತ್ತು. ಅಷ್ಟು ವರ್ಷ ಹೊರಗಿದ್ದವನು ಸುಮ್ಮನೆ ವಿಮಾನ ಹತ್ತುವಂತಿಲ್ಲ. ರಾಜಧಾನಿ ಅಮ್ಮಾನಿನ ಅಮೆರಿಕನ್ ದೂತಾವಾಸಕ್ಕೆ ಹೋಗಿ, ಮರಳುವ ಮನಸ್ಸು ತನಗೆ ಸದಾ ಇತ್ತು, ತಡವಾದದ್ದು ಕೈಮೀರಿದ ಕಾರಣದಿಂದ ಎಂದು ರುಜುವಾತು ಮಾಡಬೇಕು. ಅವನು ಹನ್ನೊಂದು ಟಿಕೆಟ್ಟುಗಳನ್ನೂ, ಬದುಕಿರುವ ರೋಗಿಯ ಬಗ್ಗೆ ಸತ್ತ ಡಾಕ್ಟರು ಬರೆದ ಚೀಟಿಗಳನ್ನೂ ಚೀಲಕ್ಕೆ ತುಂಬಿದ.

“ನಾನೂ ಬರ್ತೀನಿ,” ಎಂದಳು ವರ್ದೆ.

“ನೀನ್ಯಾಕೆ ಖಾಲ್ತೊ?” ಚಿಕ್ಕಮ್ಮನನ್ನು ಅವನು ಕರೆಯುತ್ತಿದ್ದುದು ಹಾಗೆ.

“ಸಾಯ್ತಿದ್ದವಳು ನಾನಲ್ವೇನೋ?”

ಸ್ವಲ್ಪ ಸೊರಗಿದ ಹಾಗೆ ಬಾ ಎಂದು ಅವನು ಅಂಗಲಾಚಿದ. ಅವಳು ಕೆಂಪು ಕಸೂತಿಯ ಉಡುಪು ತೊಟ್ಟು, ಕಣ್ಣಿಗೆ ಕಾಡಿಗೆ ತೀಡಿ ಹೊರಟಳು. “ಪರದೇಶದವರ ಮುಂದೆ ಹೆಣದ ಥರ ನಿಲ್ಲಬೇಕಾ?”

ದೂತಾವಾಸದ ಕಿಟಕಿಯ ಆಚೆ ಕುಳಿತಿದ್ದ ಅಧಿಕಾರಿ ಎಳೆಯ ಹೆಂಗಸು, ಅರಬಿಯನ್ನು ಪುಸ್ತಕದಿಂದ ಕಲಿತವಳು. “ಮಾನ್ಯರೇ, ಆ ರೋಗಪೀಡಿತ ವೃದ್ಧೆಯು ಈಗ ಎಲ್ಲಿರುವರು?”

ಇಸ್ಕಂದರ್ ಪಕ್ಕಕ್ಕೆ ಕೈ ತೋರಿಸಿದ. ತೊಂಬತ್ತೊಂದರ ವರ್ದೆ ಕುರ್ಚಿ ಬೇಡವೆಂದು ನೆಟ್ಟಗೆ ನಿಂತಿದ್ದಳು. “ಇವಳ್ಯಾಕೋ ಪಾದ್ರಿ ಥರ ಮಾತಾಡ್ತಾಳೆ? ಹುಷಾರಿಲ್ವಾ?” ಎಂದು ಎಲ್ಲರಿಗೂ ಕೇಳುವಂತೆ ಪಿಸುಗುಟ್ಟಿದಳು.

“ತಾವು ಯಾವ ವ್ಯಾಧಿಯಿಂದ ಬಳಲಿದಿರಿ?”

“ವ್ಯಾಧಿ ನನ್ನ ಶತ್ರುಗಳಿಗೆ ಬರ್ಲಿ! ಒಂದು ನೆಗಡಿ ಕಂಡವಳಲ್ಲ ನಾನು.”

ಇಸ್ಕಂದರ್ ಅವಳ ತೋಳು ಹಿಡಿದ. “ಖಾಲ್ತೊ, ನಿನ್ನ ಕಾಲಿಗೆ ಬೀಳ್ತೀನಿ...”

“ಹಾಗಾದರೆ ಹನ್ನೊಂದು ಬಾರಿ ಹಾಸಿಗೆ ಹಿಡಿದದ್ದು ಏತಕ್ಕೆ?”

“ಇವನು ಪೆಟ್ಟಿಗೆ ಇಳಿಸಿದಾಗೆಲ್ಲ ಮಲಗ್ತಿದ್ದೆ. ಇನ್ನೇನು ಮಾಡ್ಲಿ ತಾಯಿ, ಕಟ್ಟಿಹಾಕೋಕೆ ಅವನೇನು ಕತ್ತೇನಾ? ಅವನದೇನೂ ತಪ್ಪಿಲ್ಲ. ಅಳ್ತಾ ಟಿಕೆಟ್ ತೆಗೆಸ್ತಿದ್ದ, ಅಳ್ತಾ ರದ್ದು ಮಾಡಿಸ್ತಿದ್ದ. ಮತ್ತೆ ಹನ್ನೊಂದಲ್ಲ, ಹನ್ನೆರಡು ಸಲ. ಒಂದ್ಸಲ ಪೆಟ್ಟಿಗೆ ಇಳಿಸಿದ್ದು ಜಿರಳೆ ಹೊಡೆಯೋಕಂತೆ. ನಾನು ದಿನವಿಡೀ ದಂಡಕ್ಕೆ ನರಳಿದೆ.”

ಅಧಿಕಾರಿಯ ಪೆನ್ನು ನಿಂತಿತು. “ಈ ಸಂಗತಿ ತಮಗೆ ತಿಳಿದಿತ್ತೇ?”

ಇಸ್ಕಂದರನಿಗೆ ತಿಳಿದಿರಲಿಲ್ಲ. ಹನ್ನೊಂದು ಸಲ ಮಂಚದ ಕಾಲಬಳಿ ಕುಳಿತು ಅತ್ತಿದ್ದ ಮನುಷ್ಯ ಅಲ್ಲೇ, ಕಿಟಕಿಯ ಮುಂದೆ, ಹನ್ನೆರಡನೆಯ ಸಲ ಅತ್ತ.

ಅಧಿಕಾರಿ ಅವನನ್ನು ನೋಡಿ, ಬರೆಯುತ್ತ ಗಟ್ಟಿಯಾಗಿ ಓದಿದಳು: “ತಡವಾದದ್ದಕ್ಕೆ ಕಾರಣವು ಅರ್ಜಿದಾರರ ಹತೋಟಿಗೆ ಮೀರಿದ್ದು. ಸದರಿ ಕಾರಣವನ್ನು ಖುದ್ದಾಗಿ ಭೇಟಿ ಮಾಡಲಾಯಿತು.”

ವಾಪಸು ಬರುವಾಗ ಬಸ್ಸಿನಲ್ಲಿ ಅವನು ಟಿಕೆಟ್ಟುಗಳನ್ನು ಚೀಲದಿಂದ ಒಂದೊಂದಾಗಿ ತೆಗೆದು ನೋಡಿದ. ಆಮೇಲೆ ಕೇಳಿದ, “ಇಷ್ಟು ವರ್ಷ ಮುಚ್ಚಿಟ್ಟು ಈಗ್ಯಾಕೆ ಹೇಳಿದೆ?”

“ಮಲಗೀ ಮಲಗೀ ಬೆನ್ನು ನೋವು ಬಂದ್ಬಿಡ್ತು ಕಣೋ,” ಎಂದಳು ವರ್ದೆ, ಕಿಟಕಿಯಾಚೆ ನೋಡುತ್ತ. ಅವನು ಕೋಪ ಮಾಡಿಕೊಳ್ಳಲು ನೋಡಿದ, ಆಗಲಿಲ್ಲ. ತನ್ನ ಕೋಟು ಮಡಚಿ ಅವಳ ಬೆನ್ನಿಗೆ ಕೊಟ್ಟ.

ಈ ಸಲ ಅವನು ಪೆಟ್ಟಿಗೆ ಇಳಿಸಿದಾಗ ವರ್ದೆ ಮಲಗಲಿಲ್ಲ. ಮೂರು ತಿಂಗಳಿಗೆ ಅವನು ಡಿಯರ್‌ಬಾರ್ನಿನ ಪಕ್ಕದ ಡೆಟ್ರಾಯಿಟಿನ ವಿಮಾನ ನಿಲ್ದಾಣದಿಂದ ಹೊರಬಿದ್ದ. ಚಳಿ. ಟ್ಯಾಕ್ಸಿಯವನು ಯೆಮನಿ ಹುಡುಗ, ಪೆಟ್ಟಿಗೆ ಎತ್ತಿಡುತ್ತ ಕೇಳಿದ, “ಎಷ್ಟು ದಿನಕ್ಕೆ ಬಂದ್ರಿ ಚಿಕ್ಕಪ್ಪಾ?”

“ಇಲ್ಲೇ ಇರೋದಪ್ಪಾ ನಾನು,” ಎಂದ ಇಸ್ಕಂದರ್. ಹುಡುಗ ನಂಬಲಿಲ್ಲವೇನೋ ಎನಿಸಿ, ದೂತಾವಾಸದ ಕಾಗದಗಳಿಗಾಗಿ ಜೇಬು ತಡಕಾಡತೊಡಗಿದ.