ಚಿಕ್ಕ ರೈಲಿನ ಕೋಣೆಗೆ ಹೊಸ ಬೀಗ

ಇಂಜಿನ್ ಇರಬೇಕಾದ ಡಬ್ಬದಲ್ಲಿ ಇಂಜಿನ್ ಇರಲಿಲ್ಲ. ಬರೀ ಹತ್ತಿ ಇತ್ತು. ಅದು ಮಲಗಿದ್ದ ಕುಳಿ ಹತ್ತಿಯಲ್ಲಿ ಇನ್ನೂ ಹಾಗೇ ಇತ್ತು.

ಶಿಡ್ಲಘಟ್ಟದಲ್ಲಿ ನನ್ನದೊಂದು ಹೊಲಿಗೆ ಅಂಗಡಿ. ಮನೆಯ ಮಹಡಿ ಕೋಣೆಯಲ್ಲಿ ಎರಡು ಪ್ಲೈವುಡ್ ಹಲಗೆ ಜೋಡಿಸಿ, ದೊಡ್ಡ ಹಳಿ ಬರುವ ಮುಂಚೆ ನಮ್ಮ ಕಡೆ ಓಡುತ್ತಿದ್ದ ಚಿಕ್ಕ ರೈಲಿನ ದಾರಿಯನ್ನು ಆಟಿಕೆಯ ಅಳತೆಯಲ್ಲಿ ಕಟ್ಟುತ್ತಿದ್ದೆ. ಒಂದು ತುದಿಯಲ್ಲಿ ನಂದಿ, ನಡುವೆ ಚಿಕ್ಕಬಳ್ಳಾಪುರ, ಶಿಡ್ಲಘಟ್ಟ, ಇನ್ನೊಂದು ತುದಿಯಲ್ಲಿ ಚಿಂತಾಮಣಿ. ನಾನು ಶಾಲೆಗೆ ಸೇರಿದ್ದು ಮೀಸೆ ಬಂದ ಮೇಲೆ. ಅದಕ್ಕೂ ಮುಂಚೆ ಓದಲು ಬರುತ್ತಿದ್ದ ಒಂದೇ ಒಂದು ಪದ, ಸ್ಟೇಷನ್ನಿನ ಹಳದಿ ಬೋರ್ಡಿನ ಮೇಲಿದ್ದ ನಮ್ಮೂರ ಹೆಸರು. ಆ ಬೋರ್ಡನ್ನು ಮತ್ತೊಮ್ಮೆ ನಿಲ್ಲಿಸಬೇಕು, ಅದರ ಮುಂದೆ ರೈಲು ಬಂದು ನಿಲ್ಲಬೇಕು, ಇಷ್ಟೇ ನನ್ನ ಆಸೆ.

ಇದು ಒಬ್ಬನ ಕೈಯಲ್ಲಿ ಆಗುವ ಕೆಲಸವಲ್ಲ. ಇಬ್ಬರು ಗೆಳೆಯರು ಜೊತೆಗಿದ್ದರು. ಒಬ್ಬ ಮೇಲೂರಿನವನು, ಮೋಟಾರ್ ರಿವೈಂಡಿಂಗ್ ಮಾಡುತ್ತಾನೆ. ವೈರು, ಕರೆಂಟು ಎಲ್ಲ ಅವನದು. ಇನ್ನೊಬ್ಬರು ನಮ್ಮ ಬೀದಿಯ ಸಾಹೇಬರು, ರೇಷ್ಮೆ ನೂಲು ತೆಗೆಸುವವರು. ಥರ್ಮಾಕೋಲ್ ಕೊಯ್ದು ನಂದಿ ಬೆಟ್ಟ ಮಾಡಿಕೊಟ್ಟವರು ಅವರೇ. ಕೋಣೆಯ ಬೀಗದ ಕೈ ಹೊರಮೆಟ್ಟಿಲ ಬುಡದ ಮೊಳೆಯಲ್ಲಿ ನೇತಾಡುತ್ತಿತ್ತು. ನಾನು ಅಂಗಡಿಯಲ್ಲಿದ್ದರೂ ಅವರು ಬಂದು, ತೆಗೆದುಕೊಂಡು, ಕೆಲಸ ಮಾಡಿ ಹೋಗುತ್ತಿದ್ದರು.

ಅವತ್ತು ಭಾನುವಾರ. ನಾನು ಸ್ಪ್ರೇ ಡಬ್ಬಿ ಹಿಡಿದು ಬೆಟ್ಟಕ್ಕೆ ಹಸಿರು ಬಣ್ಣ ಹೊಡೆಯುತ್ತಿದ್ದೆ. ಮೇಲೂರಿನವನು ಮೆಟ್ಟಿಲು ಹತ್ತಿ ಬಂದ. ಬಾಗಿಲಲ್ಲೇ ನಿಂತ. ಕರ್ಚೀಫು ತೆಗೆದು ಮೂಗು ಬಾಯಿ ಮುಚ್ಚಿಕೊಂಡ.

"ಯಾಕಯ್ಯ, ಒಳಗೆ ಬಾ."

"ಇಲ್ಲ ಇಲ್ಲ, ಕೆಲ್ಸ ಇದೆ. ಆಮೇಲ್ ಬರ್ತೀನಿ," ಎಂದವನೇ ಎರಡೆರಡು ಮೆಟ್ಟಿಲು ಇಳಿದು ಹೋದ. ಅವನು ಹೋದ ಮೇಲೆ ಬಣ್ಣ ಒಣಗಲಿ, ಅಷ್ಟರಲ್ಲಿ ರೈಲು ಓಡಿಸೋಣ ಎಂದು ಡಬ್ಬ ತೆಗೆದೆ. ಖಾಲಿ.

ಮುಂದಿನ ಭಾನುವಾರ ಅವನು ಬರಲಿಲ್ಲ. ಅದರ ಮುಂದಿನ ಭಾನುವಾರವೂ ಇಲ್ಲ. ಫೋನ್ ಮಾಡಿದರೆ "ಕೆಲ್ಸ ಕಣಯ್ಯ, ಪುರುಸೊತ್ತಿಲ್ಲ" ಎನ್ನುತ್ತಿದ್ದ. ಇಂಜಿನ್ ಎಲ್ಲಿ ಎಂದು ನೇರವಾಗಿ ಕೇಳಬಹುದಿತ್ತು. ಕೇಳಲಿಲ್ಲ. ಕೇಳಿದರೆ ಎಚ್ಚೆತ್ತುಕೊಳ್ಳುತ್ತಾನೆ ಎಂದು ನನ್ನ ಬುದ್ಧಿ ಹೇಳಿತು. ಪರೀಕ್ಷೆ ಮಾಡಲು ಒಂದು ಸುಳ್ಳು ಹೇಳಿದೆ.

"ಇಂಜಿನ್ನು ಇವತ್ತು ಭಾಳ ಚೆನ್ನಾಗಿ ಓಡ್ತು ಕಣಯ್ಯ, ಚಿಂತಾಮಣಿವರ್ಗೂ."

ಆ ಕಡೆಯಿಂದ ಅವನು "ಹೌದಾ? ಸರಿ ಬಿಡು," ಎಂದು ಫೋನ್ ಇಟ್ಟ.

ಇದಕ್ಕಿಂತ ಬೇರೆ ಸಾಕ್ಷಿ ಬೇಕೆ ಎಂದುಕೊಂಡೆ. ಇಂಜಿನ್ ಅವನ ಹತ್ತಿರ ಇಲ್ಲದಿದ್ದರೆ ಖುಷಿ ಪಡುತ್ತಿದ್ದ, ಹೇಗೆ ಓಡಿತು ಎಂದು ಹತ್ತು ಪ್ರಶ್ನೆ ಕೇಳುತ್ತಿದ್ದ. ಅದೇ ಸಂಜೆ ಹೊಸ ಬೀಗ ತಂದು ಕೋಣೆಗೆ ಹಾಕಿ, ಕೀಲಿಯನ್ನು ಉಡಿದಾರಕ್ಕೆ ಕಟ್ಟಿಕೊಂಡೆ. ಮೊಳೆ ಖಾಲಿಯಾಯಿತು. ಸಾಹೇಬರಿಗೆ ವಿಷಯ ಹೇಳಿದೆ. ಅವರು ನಕ್ಕುಬಿಟ್ಟರು.

"ಅರೇ ಭಾಯ್, ಕದಿಯೋನು ಇಂಜಿನ್ ಕದ್ದು ಹಳಿ ಬಿಟ್ಟೋಗ್ತಾನಾ? ಅದೇನು ಮನೆ ನೆಲದ್ ಮೇಲೆ ಓಡುತ್ತಾ?"

"ಅವ್ನೂ ಒಂದು ಕಟ್ತಾ ಇರ್ಬಹುದು."

"ಹೋಗಿ ನೋಡ್ಕೊಂಡ್ ಬಾ ಮತ್ತೆ. ಇಲ್ಲಿ ಕೂತು ನನ್ ತಲೆ ತಿನ್ಬೇಡ."

ಮರುದಿನ ಬೆಳಿಗ್ಗೆಯೇ, ಬಣ್ಣ ಹೊಡೆಯುವ ಅಂಗಿಯಲ್ಲೇ, ಮೇಲೂರಿಗೆ ಹೋದೆ. ಹೇಳದೆ ಹೋದರೆ ಸಿಕ್ಕಿಬೀಳುತ್ತಾನೆ ಎಂಬ ಲೆಕ್ಕಾಚಾರ. ಗಾಡಿಯ ಸದ್ದಿಗೆ ಅವನ ಹೆಂಡತಿ ಓಡಿ ಬಂದು ಗೇಟಿಗೆ ಅಡ್ಡ ನಿಂತರು.

"ಅಣ್ಣ, ಒಳಗೆ ಬರ್ಬೇಡಿ. ತಪ್ಪು ತಿಳ್ಕೋಬೇಡಿ, ಅಲ್ಲೇ ಇರಿ."

ಎಷ್ಟು ಸಲ ಉಂಡ ಮನೆ ಅದು! ಹೆಂಡತಿಯನ್ನೇ ಕಾವಲಿಗೆ ನಿಲ್ಲಿಸಿದ್ದಾನಲ್ಲ ಎಂದು ಮೈಯೆಲ್ಲ ಉರಿಯಿತು. ಕಿಟಕಿಗಳಿಗೆಲ್ಲ ಬಲೆ ಪರದೆ. ಆಗ ಹೊಸ್ತಿಲ ಮುಂದೆ ಚೆಲ್ಲಿದ ಸುಣ್ಣದ ಪುಡಿ ಕಾಣಿಸಿತು. ಒಳಗಿನಿಂದ ಸರಸರ ಎಂಬ ಒಂದೇ ಸಮನಾದ ಸದ್ದು. ಆ ಸದ್ದು ಏನೆಂದು ನಮ್ಮೂರಿನಲ್ಲಿ ಮಗುವಿಗೂ ಗೊತ್ತು. ನಾಲ್ಕನೇ ಜ್ವರದಿಂದ, ಅಂದರೆ ಕೊನೆಯ ಪೊರೆ ಬಿಟ್ಟು ಎದ್ದ ರೇಷ್ಮೆ ಹುಳುಗಳು ಸೊಪ್ಪು ತಿನ್ನುವ ಸದ್ದು ಅದು. ಹುಳು ಸಾಕುವ ಮನೆಗೆ ಬಣ್ಣದ ವಾಸನೆ, ಔಷಧಿಯ ವಾಸನೆ, ಅಂಥ ವಾಸನೆ ಹಿಡಿದ ಬಟ್ಟೆ ಯಾವುದೂ ಹೋಗಬಾರದು. ಹೋದರೆ ಇಡೀ ಬೆಳೆ ಸಾಯುತ್ತದೆ ಎಂಬ ಭಯ.

ಅವನು ಕಿಟಕಿಯ ಹಿಂದೆ ಬಂದು ನಿಂತ. ಬಲೆಯ ಆಚೆ ಮುಖ ಸರಿಯಾಗಿ ಕಾಣುತ್ತಿರಲಿಲ್ಲ.

"ಏಮಯ್ಯಾ, ಶರ್ಟಿನ್ ತುಂಬಾ ಹಸಿರು ಬಣ್ಣ ಹಚ್ಕೊಂಡ್ ಬಂದಿದ್ದೀಯಲ್ಲ!"

"ಹುಳ ಇಟ್ಟಿದ್ದೀನಿ ಅಂತ ಒಂದ್ ಮಾತು ಹೇಳೋಕೇನಾಗಿತ್ತು?"

"ಹೋದ್ಸಲದ್ದು ಪೂರ್ತಿ ಹೋಯ್ತು. ಈ ಸಲ ಚೆನ್ನಾಗ್ ಬಂದವೆ. ಯಾರ್ಗೂ ಹೇಳ್ಬೇಡ, ಕಣ್ ಬೀಳುತ್ತೆ ಅಂದ್ರು ನಮ್ಮತ್ತೆ."

"ನಂದೂ ಕಣ್ಣೇನೋ?"

ಅವನು ಬಲೆಯ ಅಂಚನ್ನು ಸರಿಮಾಡಿದ.

"ಇಂಜಿನ್ನು ನನ್ ಹತ್ರ ಇದೆ," ಎಂದ. "ತಿರುವಲ್ಲಿ ನಿಂತ್ ನಿಂತ್ ಹೋಗ್ತಿತ್ತಲ್ಲ, ಮೋಟಾರ್ ಸುತ್ತಿ ಕೊಡಣ ಅಂತ ತಂದಿದ್ದೆ. ಅವತ್ತು ಹೇಳೋಕೇ ಬಂದಿದ್ದು, ನೀನು ಗಾಳೀಲೆಲ್ಲ ಬಣ್ಣ ತುಂಬಿದ್ದೆ. ಹುಳ ಇರೋವಾಗ ಮನೆಯಿಂದ ಸಾಮಾನು ಆಚೆ ಕೊಡಲ್ಲ ನಮ್ಮತ್ತೆ, ಫೋನಲ್ಲಿ ಹೇಳಿದ್ರೆ ಹುಳದ್ ವಿಷ್ಯಾನೂ ಹೇಳ್ಬೇಕಾಗ್ತಿತ್ತು. ಗೂಡು ಬಿಡಿಸಿದ್ ಮೇಲೆ ತರ್ತೀನಿ." ಒಳಗೆ ತಿರುಗುತ್ತಾ ಸೇರಿಸಿದ, "ಅಲ್ಲಿವರ್ಗೂ ಚಿಂತಾಮಣಿಗೆ ಆ ಇನ್ನೊಂದು ಇಂಜಿನ್ನನ್ನೇ ಓಡಿಸ್ತಿರು."

ಅವನ ಹೆಂಡತಿ ಇನ್ನೊಂದು ಇಂಜಿನ್ ಯಾವುದು ಎನ್ನುವ ಹಾಗೆ ನನ್ನ ಮುಖ ನೋಡಿದರು. ನಾನು ಗಾಡಿ ತಿರುಗಿಸಿಕೊಂಡೆ.

ಗೂಡು ಚೆನ್ನಾಗಿ ಬಂದವು. ಮಾರ್ಕೆಟ್ಟಿಗೆ ಹಾಕಿದ ದಿನವೇ ಅವನು ಇಂಜಿನ್ನನ್ನು ಕರ್ಚೀಫಿನಲ್ಲಿ ಸುತ್ತಿಕೊಂಡು ನಮ್ಮ ಮನೆಗೆ ಬಂದ. ಅಂದು ಸಾಹೇಬರೂ ಇದ್ದರು. ಹೊಸ ಬೀಗ ತೆಗೆದು ಹಳೆಯದನ್ನು ಹಾಕಬೇಕೆಂದು ನಾನು ಹತ್ತು ದಿನದಿಂದ ಅಂದುಕೊಳ್ಳುತ್ತಲೇ ಇದ್ದೆ, ಹಾಕಿರಲಿಲ್ಲ. ಅಭ್ಯಾಸದಂತೆ ಅವನ ಕೈ ಮೊಳೆಯ ಹತ್ತಿರ ಹೋಯಿತು. ಅಲ್ಲೇ ನಿಂತಿತು. ನಾನು ಅಂಗಿ ಎತ್ತಿ ಉಡಿದಾರದಿಂದ ಕೀಲಿ ಬಿಚ್ಚುವವರೆಗೂ ಅವನು ಗೋಡೆಯನ್ನೇ ನೋಡುತ್ತಿದ್ದ.

ಇಂಜಿನ್ ಓಡಿತು. ತಿರುವಿನಲ್ಲಿ ನಿಲ್ಲಲಿಲ್ಲ. ನನ್ನ ಹಳದಿ ಬೋರ್ಡಿನ ಮುಂದೆ ಬಂದು ನಿಂತು, ಮತ್ತೆ ಹೊರಟು ಚಿಂತಾಮಣಿ ಮುಟ್ಟಿತು. ಮೂವರೂ ಚಪ್ಪಾಳೆ ಹೊಡೆದೆವು.

"ತಪ್ಪಾಯ್ತು ಕಣಯ್ಯ," ಎಂದೆ.

"ಬೀಗ ಗಟ್ಟಿಯಾಗಿದೆ ಬಿಡು," ಎಂದ. "ವಾರಕ್ಕೊಂದ್ಸಲ ಎಣ್ಣೆ ಬಿಡು, ತುಕ್ಕು ಹಿಡಿಯುತ್ತೆ."

ಅಂದೇ ಸಂಜೆ ಆ ಬೀಗ ಬಿಚ್ಚಿ, ಹಳೆಯದನ್ನು ಹಾಕಿ, ಕೀಲಿಯನ್ನು ಮೊಳೆಗೆ ತೂಗುಹಾಕಿದೆ. ಈಗಲೂ ಅಲ್ಲೇ ಇದೆ. ಅವನು ಈಗಲೂ ಭಾನುವಾರ ಬರುತ್ತಾನೆ, ಕೆಲಸ ಮಾಡುತ್ತಾನೆ, ನಗಿಸುತ್ತಾನೆ. ಆದರೆ ಮೊದಲಿನ ಹಾಗೆ ಸೀದಾ ಮೇಲೆ ಹತ್ತುವುದಿಲ್ಲ. ಕೆಳಗೆ ಬೀದಿಯಲ್ಲೇ ನಿಂತು, "ಇದೀಯೇನಪ್ಪಾ ಮನೇಲಿ?" ಎಂದು ಕೂಗುತ್ತಾನೆ. ನಾನು ಹೊರಗೆ ಬಂದು ಕೀಲಿ ತೆಗೆದು ಮೇಲೆ ಹತ್ತುವವರೆಗೂ ಮೆಟ್ಟಿಲ ಬುಡದಲ್ಲೇ ಕಾಯುತ್ತಾನೆ. ಕೀಲಿ ಅವನ ಭುಜದ ಪಕ್ಕದಲ್ಲೇ ಇರುತ್ತದೆ.