ಹುಣಸೆಹುಳಿಯಲ್ಲಿ ತೊಳೆದ ಚಿಪ್ಪು

ಗುಬ್ಬಿ ಕಡೆಯ ಕಡಬದ ಸಿದ್ದಗಂಗಮ್ಮನ ಕಿರಿಮಗ ಅನಂತರಾಜು ತುಮಕೂರಿನ ಕಾಲೇಜೊಂದರಲ್ಲಿ ಪ್ರಾಣಿಶಾಸ್ತ್ರದ ಮೇಷ್ಟ್ರು. ಓದುವ ಕಾಲದಲ್ಲಿ ಒಂದು ಸಲ ಸಂಶೋಧನೆಯ ಹಡಗು ಹತ್ತಿದ್ದ. ಬಿಸಿಲೇ ಮುಟ್ಟದ ಸಮುದ್ರದಾಳದಿಂದ ಮೇಲೆತ್ತಿದ ಕೆಸರನ್ನು ಜರಡಿ ಹಿಡಿದಾಗ ಸಿಕ್ಕ ಎರಡು ಚಿಪ್ಪು ಅವನ ಪಾಲಿಗೆ ಬಂದಿದ್ದವು. ಅವರೆಕಾಳಿನ ಗಾತ್ರ, ಮೇಲೆ ಕಂದುಬಣ್ಣದ ತೆಳು ಸಿಪ್ಪೆ, ಒಂದೊಂದರ ಎರಡು ಹೋಳೂ ಕೂಡುವ ಕೀಲಿನಲ್ಲಿ ಸಣ್ಣ ಹಲ್ಲುಗಳ ಸಾಲು. ಆ ಹಲ್ಲಿನ ಜೋಡಣೆ ಯಾರೂ ಕಾಣದ್ದು ಅಂತ ಅವನಿಗೆ ಅನ್ನಿಸಿತ್ತು.

ಅನ್ನಿಸಿದರೆ ಸಾಕೇ? ಹೊಸ ಜಾತಿ ಅನ್ನಬೇಕಾದರೆ ಹಿಂದೆ ಹೆಸರಿಟ್ಟವನ್ನೆಲ್ಲ ಹುಡುಕಿ ತಾಳೆ ನೋಡಬೇಕು. ಕಲ್ಕತ್ತದಿಂದ ಹಳೇ ಲೇಖನಗಳ ಜೆರಾಕ್ಸ್ ಬರುವುದಕ್ಕೇ ತಿಂಗಳುಗಟ್ಟಲೆ. ಕಾಲೇಜು, ಪರೀಕ್ಷೆ, ಪೇಪರ್ ತಿದ್ದುವುದು ಕಳೆದು ಅವನಿಗೆ ಉಳಿಯುತ್ತಿದ್ದದ್ದು ಭಾನುವಾರ. ಮೈಕ್ರೋಸ್ಕೋಪಿಗೆ ಕಣ್ಣಿಟ್ಟು ಚಿತ್ರ ಬರೆದೂ ಬರೆದೂ ಕತ್ತು ಹಿಡಿದುಕೊಂಡು ಏಳುತ್ತಿದ್ದ. ಹೀಗೇ ಕೂದಲು ನರೆಯಿತು.

ಊರಿಂದ ತೆಂಗಿನಕಾಯಿ ಕೊಡಲು ಬಂದಾಗಲೆಲ್ಲ ಅಣ್ಣ ಅಣ್ಣಯ್ಯಪ್ಪ ನಗುತ್ತಿದ್ದ. "ಏನ್ಲಾ, ಇನ್ನೂ ಅದೇ ಚಿಪ್ಪಾ? ನಮ್ ಕೆರೆ ಅಂಚಲ್ಲಿ ಮಂಕರಿಗಟ್ಲೆ ಬಿದ್ದವೆ, ತಂದಾಕ್ಲಾ?"

"ಅವಕ್ಕೆ ಹೆಸ್ರಿದೆ ಕಣಣ್ಣ, ಇದಕ್ಕಿಲ್ಲ. ಇದಕ್ಕೆ ನಮ್ಮೂರ ಹೆಸ್ರೇ ಇಡ್ತೀನಿ."

"ಕಡಬ ಅಂತ್ಲಾ? ಸಮುದ್ರದ ಹುಳಕ್ಕೆ? ಕಂದಾಯನೂ ಕಟ್ತದೇನ್ಲಾ ಅದು?"

ತೊಂಬತ್ತೆಂಟರ ಗೌರಿಹಬ್ಬದ ಮುಂದೆ ಬರವಣಿಗೆ ಮುಗಿಯಿತು. ಫೋಟೋ ತೆಗೆಯುವುದೊಂದೇ ಬಾಕಿ. ಕೆಡದಂತೆ ಸ್ಪಿರಿಟ್ಟಿನಲ್ಲಿಟ್ಟಿದ್ದ ಚಿಪ್ಪುಗಳನ್ನು ಹೊರತೆಗೆದು, ಒಣಗಲಿ ಅಂತ ಬಟ್ಟಲಲ್ಲಿ ಕಿಟಕಿಗಿಟ್ಟು, ಪರೀಕ್ಷೆಯ ಡ್ಯೂಟಿಗೆ ಗುಬ್ಬಿಗೆ ಹೋದ. ಹಬ್ಬಕ್ಕೆ ಬಂದಿದ್ದ ತಾಯಿ ಅವತ್ತು ದೀಪದ ಕಂಬ, ಚೊಂಬು ಎಲ್ಲ ಹುಣಸೆಹುಳಿ ಹಾಕಿ ಬೆಳಗಿದಳು. ಕಿಟಕಿಯ ಬಟ್ಟಲೂ ಕಣ್ಣಿಗೆ ಬಿತ್ತು.

ಸಂಜೆ ಅವನು ಚಪ್ಪಲಿ ಬಿಡುವ ಮೊದಲೇ ಅಂದಳು, "ಅನಂತ, ನಿನ್ ಚಿಪ್ಪು ಕೊಳೆ ಹಿಡ್ದು ಕರ್ರಗಾಗಿದ್ವಲ್ಲಪ್ಪ. ಹುಳೀಲಿ ನೆನೆಹಾಕಿ ಉಜ್ಜಿಟ್ಟಿದೀನಿ, ನೋಡು, ಹೆಂಗ್ ಬೆಳ್ಳಗವೆ!"

ಬೆಳ್ಳಗೇ ಇದ್ದವು. ಕಂದು ಸಿಪ್ಪೆ ಹೋಗಿತ್ತು. ಕೀಲಿನ ಹಲ್ಲನ್ನು ಹುಳಿ ತಿಂದು ಸುಣ್ಣದ ಮುದ್ದೆ ಮಾಡಿತ್ತು.

ಅವನು ಬಟ್ಟಲನ್ನು ಬೆಳಕಿಗೆ ಹಿಡಿದು ನೋಡಿದ. "ಚೆನ್ನಾಗಿದೆ ಕಣಮ್ಮ," ಅಂದ.

ಒಳಗೆ ಹೆಂಡತಿ ವನಜಮ್ಮ ಸುಮ್ಮನಿರಲಿಲ್ಲ. "ಹೇಳ್ಬಾರ್ದೇನ್ರೀ? ಅಷ್ಟು ವರ್ಷ ಕಣ್ಣು ಕಳ್ಕೊಂಡ್ರಿ!"

"ಹೇಳಿದ್ರೆ ಚಿಪ್ಪು ಬರ್ತದಾ? ಊಟ ಬಿಟ್ಟು ಕೂತ್ಕೋತಾಳೆ ಅಷ್ಟೆ."

ಚಿತ್ರ ಎಷ್ಟು ಚೆನ್ನಾಗಿದ್ದರೇನು? ಹೆಸರಿಡುವವನು ಚಿಪ್ಪನ್ನೇ ಮ್ಯೂಸಿಯಮ್ಮಿಗೆ ಒಪ್ಪಿಸಬೇಕು, ನಾಳೆ ಯಾರಿಗಾದರೂ ಅನುಮಾನ ಬಂದರೆ ತೆಗೆದು ನೋಡಲು. ಅದೇ ಕೆಸರಿನ ಇನ್ನೊಂದು ಬಾಟಲಿ ಹಡಗಿನಲ್ಲಿ ಜೊತೆಗಿದ್ದ ಗೋವಾದ ಗೆಳೆಯನ ಹತ್ತಿರವಿತ್ತು. ತನ್ನ ಬರವಣಿಗೆಯನ್ನು ಅವನಿಗೆ ಕೊಟ್ಟರೆ ಹೆಸರಿಡುವ ಹಕ್ಕೂ ಅವನದೇ. ಅನಂತರಾಜು ಬಹಳ ದಿನ ಹಿಂದೆಮುಂದೆ ನೋಡಿದ. ಕೊನೆಗೆ ಚಿಪ್ಪಿಗಾದರೂ ಒಂದು ಹೆಸರಾಗಲಿ ಅಂತ ಚಿತ್ರ, ಬರವಣಿಗೆ ಎಲ್ಲ ಕಟ್ಟಿ ಅಂಚೆಗೆ ಹಾಕಿದ.

ಗೆಳೆಯನಿಗೆ ಆ ಬಾಟಲಿಯಲ್ಲಿ ಅಂಥವೇ ಚಿಪ್ಪು ಸಿಕ್ಕವು. ಅವನೇ ಫೋನ್ ಮಾಡಿ ಹೆಸರು ಕೇಳಿದ. ಅನಂತರಾಜು ಕಡಬ ಅಂದ. ಅದೆಲ್ಲಿದೆ, ಸಮುದ್ರಕ್ಕೂ ಅದಕ್ಕೂ ಏನು ಸಂಬಂಧ ಅಂತ ಆ ಕಡೆಯಿಂದ ಪ್ರಶ್ನೆ ಬಂತು. ವಾದ ಮಾಡಲು ಇವನಲ್ಲಿ ತ್ರಾಣ ಉಳಿದಿರಲಿಲ್ಲ. ಎರಡು ಸಾವಿರದ ಮೂರರಲ್ಲಿ ಲೇಖನ ಅಚ್ಚಾಗಿ ಬಂದಾಗ ಚಿಪ್ಪಿಗೆ ಹಡಗಿನ ಹೆಸರಿತ್ತು. ಇವನ ಹೆಸರು ಕೊನೆಯಲ್ಲಿ, ಕೃತಜ್ಞತೆಯ ಸಾಲಿನಲ್ಲಿ.

ಅದು ಅಚ್ಚಾದ ಪುಸ್ತಕ ಹಿಡಿದು ಕಡಬಕ್ಕೆ ಹೋದ. ತಾಯಿಗೆ ಆಗ ಕಣ್ಣು ಮಂಜು. ಚಿತ್ರದ ಮೇಲೆ ಬೆರಳಾಡಿಸಿದಳು.

"ಏನಂತ ಇಟ್ರಪ್ಪ ಹೆಸ್ರು?"

"ಹಡಗಿನ ಹೆಸ್ರು ಕಣಮ್ಮ."

"ಸರಿ ಬುಡು, ಹೊತ್ಕಂಡ್ ಬಂದದ್ದು ಅದೇ ತಾನೆ." ಚಿತ್ರವನ್ನು ಮತ್ತೊಮ್ಮೆ ಸವರಿ ಅಂದಳು, "ಅವತ್ತು ನಾನು ತೊಳ್ದಿದ್ಕೇ ಅವ್ರಿಗೆ ಚೆನ್ನಾಗ್ ಕಂಡಿರ್ಬೇಕು, ಅಲ್ವಾ?"

ಅನಂತರಾಜು ಪುಸ್ತಕ ಮುಚ್ಚಿ ಗೋಡೆಗೆ ಒರಗಿದ.

"ಹೂಂ ಕಣಮ್ಮ," ಅಂದ.